ಮಂಗಳೂರು, ಉಡುಪಿಯಲ್ಲಿ ಮಿಸ್ಟರಿ ಶಾಪಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡುವಿನ ವೇಳೆಯಲ್ಲಿ ಮಾಡಬಹುದಾದ ಕೆಲಸ ಹುಡುಕುವವರು ಈಗೀಗ ಈ ಹೆಸರನ್ನು ಕೇಳಿರುತ್ತಾರೆ. ಕೆಲವರಿಗೆ ಆಸೆ, ಕೆಲವರಿಗೆ ಅನುಮಾನ. ಎರಡಕ್ಕೂ ಕಾರಣ ಇದೆ. ಈ ಕೆಲಸ ಮಾಡುತ್ತೇನೆ ಅಂತ ಗೊತ್ತಾದಾಗ ನಮ್ಮ ಕಡೆಯವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮಿಸ್ಟರಿ ಶಾಪರ್ ಅಂದರೆ ಏನು ಮಾಡುವವರು?

ಮಾಮೂಲಿ ಗಿರಾಕಿಯ ಹಾಗೆ ಅಂಗಡಿಗೋ ಹೋಟೆಲಿಗೋ ಪೆಟ್ರೋಲ್ ಬಂಕಿಗೋ ಹೋಗಿ, ಅಲ್ಲಿ ಏನು ನಡೆಯಿತು ಅಂತ ವರದಿ ಬರೆದು ಕೊಡುವವರು. ತಮ್ಮ ಮಳಿಗೆಯಲ್ಲಿ ಗಿರಾಕಿಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ತಿಳಿಯುವುದು ಕಂಪನಿಗೆ ಬೇಕಾಗಿರುತ್ತದೆ. ಮ್ಯಾನೇಜರ್ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಹಾಗಾಗಿ ಗುರುತಿಲ್ಲದವರನ್ನು ಕಳಿಸುತ್ತಾರೆ. ಅಮೆರಿಕದಲ್ಲಿ 1940ರ ದಶಕದಿಂದಲೇ ಈ ಪದ್ಧತಿ ಇದೆ. ಸಾಮಾನ್ಯವಾಗಿ ಬ್ರ್ಯಾಂಡ್ ನಮ್ಮನ್ನು ನೇರವಾಗಿ ಕರೆಯುವುದಿಲ್ಲ. ನಡುವೆ ಒಂದು ಏಜೆನ್ಸಿ ಇರುತ್ತದೆ. ಕೆಲಸ ಕೊಡುವುದು, ವರದಿ ತಿದ್ದುವುದು, ಹಣ ಹಾಕುವುದು ಎಲ್ಲ ಅವರೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಣ ಕೊಡುವುದು ವರದಿಗೆ. ಓಡಾಟ ಇಷ್ಟ ಇದ್ದು ಬರವಣಿಗೆ ಬೇಜಾರು ಅನ್ನುವವರಿಗೆ ಈ ಕೆಲಸ ಹಿಡಿಸುವುದಿಲ್ಲ.

ಇದು ನಿಜವಾದ ಕೆಲಸವಾ, ಮೋಸವಾ?

ಕೆಲಸ ನಿಜ. ಆದರೆ ಅದರ ಹೆಸರು ಹೇಳಿಕೊಂಡು ನಡೆಯುವ ಮೋಸ ತುಂಬ ಇದೆ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ಮೋಸ ಶುರುವಾಗುವುದು ಗುರುತಿಲ್ಲದ ನಂಬರಿನಿಂದ ಬರುವ ವಾಟ್ಸಾಪ್ ಮೆಸೇಜಿನಿಂದ. 'ಮನೆಯಲ್ಲೇ ಕೂತು ಹೋಟೆಲುಗಳಿಗೆ ಗೂಗಲ್ ಮ್ಯಾಪಿನಲ್ಲಿ ಐದು ಸ್ಟಾರ್ ಕೊಡಿ, ಒಂದೊಂದಕ್ಕೂ ದುಡ್ಡು' ಅನ್ನುತ್ತಾರೆ. ಮೊದಲು ಸ್ವಲ್ಪ ಹಣ ನಿಜವಾಗಿಯೂ ಖಾತೆಗೆ ಹಾಕುತ್ತಾರೆ. ಅದೇ ಬಲೆ. ಆಮೇಲೆ ಟೆಲಿಗ್ರಾಮ್ ಗ್ರೂಪಿಗೆ ಸೇರಿಸುತ್ತಾರೆ. ಅಲ್ಲಿ 'ನನಗೆ ಇಷ್ಟು ಬಂತು' ಅಂತ ಸ್ಕ್ರೀನ್‌ಶಾಟ್ ಹಾಕುವವರೆಲ್ಲ ಅವರದ್ದೇ ಜನ. ನಂತರ 'ಪ್ರೀಪೇಯ್ಡ್ ಟಾಸ್ಕ್' ಅಂತ ನಿಮ್ಮ ಕೈಯಿಂದಲೇ ಹಣ ಹಾಕಿಸುತ್ತಾರೆ. ವಾಪಸ್ ಕೇಳಿದರೆ ಟ್ಯಾಕ್ಸ್ ಕಟ್ಟಿ, ಪೆನಾಲ್ಟಿ ಕಟ್ಟಿ, ಆಮೇಲೆ ಬಿಡುತ್ತೇವೆ ಅನ್ನುತ್ತಾರೆ. ಅಲ್ಲಿಗೆ ಹೋದ ಹಣ ಹೋದ ಹಾಗೆಯೇ.

ಗುರುತಿಸುವ ದಾರಿ ಸುಲಭ. ನಿಜವಾದ ಏಜೆನ್ಸಿ ನೋಂದಣಿಗೆ, ತರಬೇತಿಗೆ, ಐಡಿ ಕಾರ್ಡಿಗೆ ಅಂತ ನಿಮ್ಮಿಂದ ಹಣ ಕೇಳುವುದಿಲ್ಲ. ಮಳಿಗೆಗೆ ಹೋಗಿ ನೋಡುವ ಕೆಲಸವೇ ಇಲ್ಲದೆ ಬರೀ ಸ್ಟಾರ್ ಒತ್ತಿಸಿದರೆ ಅದು ಮಿಸ್ಟರಿ ಶಾಪಿಂಗೇ ಅಲ್ಲ. ಓಟಿಪಿ ಕೇಳಿದರೆ ಫೋನ್ ಇಡಿ. 'ನಿಮ್ಮ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಬೇರೆ ಖಾತೆಗೆ ಕಳಿಸಿ' ಅಂದರೆ ಇನ್ನೂ ಅಪಾಯ. ಕದ್ದ ಹಣ ನಿಮ್ಮ ಖಾತೆ ಮೂಲಕ ಹಾದುಹೋದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಕಾಲೇಜು ಮಕ್ಕಳು ಇದನ್ನು ದಯವಿಟ್ಟು ಗಮನಿಸಿ.

ಹಣ ಕಳೆದುಕೊಂಡಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಕೊಡಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ.

ಹಾಗಾದರೆ ನಿಜವಾದ ಏಜೆನ್ಸಿ ಹುಡುಕುವುದು ಹೇಗೆ?

ಈ ಕ್ಷೇತ್ರದ ಕಂಪನಿಗಳಿಗೆ ಎಂಎಸ್‌ಪಿಎ ಎಂಬ ಸಂಘ ಇದೆ. ಏಷ್ಯಾ ಪೆಸಿಫಿಕ್ ಭಾಗಕ್ಕೂ ಅದರ ಶಾಖೆ ಇದೆ. ಸದಸ್ಯ ಕಂಪನಿಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅಲ್ಲಿಂದ ಶುರು ಮಾಡಿ. ಆಮೇಲೆ ಆ ಕಂಪನಿಯ ವೆಬ್‌ಸೈಟಿಗೆ ನೀವೇ ಹೋಗಿ ನೋಂದಾಯಿಸಿ. ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ದೊಡ್ಡ ಕಂಪನಿಗಳ ಹೆಸರು, ಲೋಗೋ ಎರಡನ್ನೂ ಕದ್ದು ಮೆಸೇಜ್ ಕಳಿಸುವವರಿದ್ದಾರೆ. ಹೆಸರು ಅಸಲಿ ಅಂದ ಮಾತ್ರಕ್ಕೆ ಮೆಸೇಜ್ ಕಳಿಸಿದವರು ಅಸಲಿ ಅಂತಲ್ಲ.

ನೋಂದಣಿಗೆ ಹೆಸರು, ವಯಸ್ಸು, ಊರು, ಯಾವ ಭಾಷೆ ಬರುತ್ತದೆ, ಬೈಕ್ ಅಥವಾ ಕಾರ್ ಇದೆಯಾ, ಇಂಥದ್ದೆಲ್ಲ ಕೇಳುತ್ತಾರೆ. ಇದನ್ನು ಪೂರ್ತಿ ತುಂಬಿ. ನಿಮ್ಮಲ್ಲಿ ಬುಲೆಟ್ ಇದೆ ಅಂತ ಗೊತ್ತಿದ್ದರೆ ತಾನೇ ಅವರು ಸರ್ವಿಸ್ ಸೆಂಟರಿನ ಕೆಲಸ ಕೊಡುವುದು? ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಹಣ ಹಾಕುವುದಕ್ಕೆ ಬೇಕು. ಎಟಿಎಂ ಪಿನ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಯಾವ ಕಾರಣಕ್ಕೂ ಬೇಡ. ಒಂದೇ ಏಜೆನ್ಸಿಯನ್ನು ನಂಬಿ ಕೂತರೆ ನಮ್ಮ ಊರಿನಲ್ಲಿ ಕೆಲಸ ಸಾಲುವುದಿಲ್ಲ. ನಾಲ್ಕೈದು ಕಡೆ ಹೆಸರು ಹಾಕಿಡಿ.

ನಮ್ಮ ಊರಿನಲ್ಲಿ ಇಂಥ ಕೆಲಸ ಸಿಗುತ್ತದಾ? ಬೆಂಗಳೂರಿನಲ್ಲಿ ಮಾತ್ರ ಅಲ್ವಾ?

ಬೆಂಗಳೂರಿನಷ್ಟು ಇಲ್ಲ. ಆದರೆ ಬೇರೆ ಕಡೆಯ ಇಷ್ಟೇ ದೊಡ್ಡ ಊರುಗಳಿಗೆ ಹೋಲಿಸಿದರೆ ಮಂಗಳೂರು ಪರವಾಗಿಲ್ಲ. ಮಾಲ್‌ಗಳಿವೆ, ಆಭರಣದ ದೊಡ್ಡ ಮಳಿಗೆಗಳಿವೆ, ವಾಹನದ ಶೋರೂಮುಗಳಿವೆ. ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆ, ಪಾಂಡೇಶ್ವರ, ಬಿಜೈ, ಕಂಕನಾಡಿ ಇವು ಮುಖ್ಯ. ಮಣಿಪಾಲದಲ್ಲಿ ವಿದ್ಯಾರ್ಥಿಗಳು ಜಾಸ್ತಿ ಇರುವುದರಿಂದ ಫಾಸ್ಟ್ ಫುಡ್, ಕಾಫಿ, ಬಟ್ಟೆ, ಮೊಬೈಲ್ ಬ್ರ್ಯಾಂಡುಗಳೆಲ್ಲ ಬಂದಿವೆ. ಉಡುಪಿ ಪೇಟೆಯಲ್ಲಿ ಚಿನ್ನ, ಬಟ್ಟೆ, ಬ್ಯಾಂಕ್.

ಬ್ಯಾಂಕಿನ ವಿಷಯ ಬಂದಾಗ ಅವಿಭಜಿತ ದಕ್ಷಿಣ ಕನ್ನಡದ ಹೆಸರು ಹೇಳಲೇಬೇಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕುಗಳು ಹುಟ್ಟಿದ್ದು ಈ ನೆಲದಲ್ಲೇ. ಇಲ್ಲಿನ ಅಜ್ಜಿಗೂ ಪಾಸ್‌ಬುಕ್ ವ್ಯವಹಾರ ಗೊತ್ತು. ಹಾಗಾಗಿ ಬ್ಯಾಂಕಿಗೆ ಹೋಗಿ ಎಫ್‌ಡಿ ಬಗ್ಗೆಯೋ ಸಾಲದ ಬಗ್ಗೆಯೋ ವಿಚಾರಿಸುವ ಕೆಲಸ ಬಂದರೆ ನಮ್ಮವರು ಸಹಜವಾಗಿ ಮಾತಾಡುತ್ತಾರೆ. ಇದು ದೊಡ್ಡ ಅನುಕೂಲ.

ನನಗೆ ಎಲ್ಲಕ್ಕಿಂತ ಇಷ್ಟ ಹೆದ್ದಾರಿ 66. ಕಟಪಾಡಿ, ಕಾಪು, ಪಡುಬಿದ್ರಿ, ಮುಲ್ಕಿ, ಸುರತ್ಕಲ್ ಹೀಗೆ ಸಾಲಾಗಿ ಊರುಗಳು, ಉದ್ದಕ್ಕೂ ಪೆಟ್ರೋಲ್ ಬಂಕುಗಳು. ಒಂದೇ ಓಡಾಟದಲ್ಲಿ ಎರಡು ಮೂರು ಭೇಟಿ ಮುಗಿಸಬಹುದು.

ತಿಂಗಳಿಗೆ ಎಷ್ಟು ಬರುತ್ತದೆ?

ಸಂಬಳದ ಹಾಗೆ ಲೆಕ್ಕ ಹಾಕಬೇಡಿ. ಸುಲಭದ ಭೇಟಿಗೆ ಕೆಲವು ನೂರು ರೂಪಾಯಿ. ಉದ್ದದ ವರದಿ, ಕಷ್ಟದ ಜಾಗ ಅಥವಾ ತುರ್ತು ಕೆಲಸ ಆದರೆ ಜಾಸ್ತಿ. ಊಟ ಮಾಡಿದರೆ, ಏನಾದರೂ ಕೊಂಡರೆ ಬಿಲ್ಲಿನ ಹಣ ಒಂದು ಮಿತಿಯವರೆಗೆ ವಾಪಸ್ ಕೊಡುತ್ತಾರೆ. ಕೆಲವು ಕೆಲಸಗಳಲ್ಲಿ ಬರೀ ಊಟದ ಬಿಲ್ ಮಾತ್ರ, ಬೇರೆ ಶುಲ್ಕ ಇಲ್ಲ. ಒಪ್ಪುವ ಮೊದಲು ಇದನ್ನು ಓದಿಕೊಳ್ಳಿ.

ಉದಾಹರಣೆಗೆ 500 ರೂಪಾಯಿ ಶುಲ್ಕದ ಒಂದು ಭೇಟಿ ಇಟ್ಟುಕೊಳ್ಳಿ. ಉಡುಪಿಯಿಂದ ಮಂಗಳೂರಿಗೆ ಅದೊಂದಕ್ಕೇ ಹೋದಿರಿ. ಬಸ್ಸು, ಆಟೋ, ಒಂದು ಚಾ ಸೇರಿ 250 ಖರ್ಚಾಯಿತು. ಹೋಗಿ ಬರುವುದಕ್ಕೆ, ಅಂಗಡಿಯಲ್ಲಿ ಇರುವುದಕ್ಕೆ, ವರದಿಗೆ ಎಲ್ಲ ಸೇರಿ ಐದು ಗಂಟೆ. ಗಂಟೆಗೆ ಸಿಕ್ಕಿದ್ದು 50 ರೂಪಾಯಿ. ಅದೇ ದಿನ ಹತ್ತಿರದಲ್ಲೇ ಇನ್ನೆರಡು 500ರ ಭೇಟಿ ಸೇರಿಸಿಕೊಂಡರೆ? ಖರ್ಚು 300, ಸಮಯ ಒಂಬತ್ತು ಗಂಟೆ, ಕೈಗೆ 1,200. ಗಂಟೆಗೆ 133. ಹೇಗೂ ಮಂಗಳೂರಿಗೆ ಆಸ್ಪತ್ರೆಗೋ ಮದುವೆ ಜವಳಿಗೋ ಹೋಗುವವರಿದ್ದರೆ ಇನ್ನೂ ಒಳ್ಳೆಯದು. ಲಾಭ ಇರುವುದು ದಾರಿ ಜೋಡಿಸುವುದರಲ್ಲಿ.

ಹಣ ಅದೇ ದಿನ ಬರುವುದಿಲ್ಲ. ವರದಿ ಪಾಸಾಗಿ, ಖಾತೆಗೆ ಬೀಳುವುದಕ್ಕೆ ಒಂದು ತಿಂಗಳೋ ಎರಡು ತಿಂಗಳೋ ಆಗಬಹುದು. ಅಷ್ಟು ಸಮಯ ಬಿಲ್ಲಿನ ಹಣವೂ ನಿಮ್ಮ ಕೈಯಿಂದಲೇ ಹೋಗಿರುತ್ತದೆ. ಹಾಗಾಗಿ ಸ್ಕೂಲ್ ಫೀಸಿಗೆ ಇಟ್ಟ ಹಣ ತೆಗೆದು ದುಬಾರಿ ಹೋಟೆಲಿನ ಕೆಲಸಕ್ಕೆ ಹೋಗಬೇಡಿ. ಮನೆ ಬಾಡಿಗೆ ಇದರಿಂದಲೇ ಕಟ್ಟುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಒಂದು ಭೇಟಿ ಹೇಗೆ ನಡೆಯುತ್ತದೆ?

ಮೊದಲು ಗೈಡ್‌ಲೈನ್ ಕಳಿಸುತ್ತಾರೆ. ಯಾವ ದಿನ, ಎಷ್ಟು ಗಂಟೆಯೊಳಗೆ, ಏನು ಕೇಳಬೇಕು, ಏನು ಕೊಳ್ಳಬೇಕು, ಯಾವುದರ ಫೋಟೋ ಬೇಕು ಎಲ್ಲ ಅದರಲ್ಲಿ ಇರುತ್ತದೆ. ಸಣ್ಣದೊಂದು ಪರೀಕ್ಷೆಯೂ ಇರಬಹುದು.

ಪೆಟ್ರೋಲ್ ಬಂಕನ್ನೇ ತೆಗೆದುಕೊಳ್ಳಿ. ನಾವೆಲ್ಲ ಹೋಗುತ್ತೇವೆ, ಹಾಕಿಸುತ್ತೇವೆ, ಹೊರಡುತ್ತೇವೆ. ಈ ಕೆಲಸಕ್ಕೆ ಹೋದಾಗ ಕಣ್ಣು ಬೇರೆ ಕಡೆ ಇರಬೇಕು. ಹಾಕುವ ಮೊದಲು ಮೀಟರಿನಲ್ಲಿ ಸೊನ್ನೆ ತೋರಿಸಿದರಾ? ಬಿಲ್ ಕೊಟ್ಟರಾ, ಕೇಳಿದ ಮೇಲೆ ಕೊಟ್ಟರಾ? ಗಾಳಿ ಹಾಕುವ ಯಂತ್ರ ಓಡುತ್ತಿದೆಯಾ? ಅದಕ್ಕೆ ಹಣ ಕೇಳಿದರಾ? ಕುಡಿಯುವ ನೀರಿದೆಯಾ? ಟಾಯ್ಲೆಟ್ಟಿಗೆ ಬೀಗ ಹಾಕಿದೆಯಾ? ಹೆಂಗಸರ ಟಾಯ್ಲೆಟ್ಟಿನ ಬೀಗ ನನಗೆ ಬಹಳ ಮುಖ್ಯ ಅನಿಸುತ್ತದೆ. ದೂರ ಪ್ರಯಾಣ ಮಾಡುವವರಿಗೆ ಅದರ ಕಷ್ಟ ಗೊತ್ತು. ಒಂದು ವರದಿಯಿಂದ ಒಂದು ಬೀಗ ತೆರೆದರೆ ಅದು ದೊಡ್ಡ ಕೆಲಸವೇ.

ಬಂಕಿನಲ್ಲಿ ಐದು ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ಇರಬೇಕು. ಯಾವ ಗಿರಾಕಿಯೂ ಅದರಲ್ಲಿ ಅಳೆದು ತೋರಿಸಿ ಅಂತ ಕೇಳಬಹುದು. ಐದು ಲೀಟರಿಗೆ 25 ಮಿಲಿ ಲೀಟರಿನವರೆಗೆ ಹೆಚ್ಚುಕಮ್ಮಿ ಇದ್ದರೆ ಅದು ನಿಯಮದೊಳಗೆ. ಕಲಬೆರಕೆ ಅನುಮಾನ ಇದ್ದರೆ ಪೆಟ್ರೋಲಿನ ಹನಿ ಹಾಕಿ ಪರೀಕ್ಷಿಸುವುದಕ್ಕೆ ಫಿಲ್ಟರ್ ಪೇಪರ್ ಕೇಳುವ ಹಕ್ಕೂ ಇದೆ. ಆದರೆ ಗೈಡ್‌ಲೈನಿನಲ್ಲಿ ಹೇಳದೆ ಇದನ್ನೆಲ್ಲ ಕೇಳಲು ಹೋಗಬೇಡಿ. ಕೇಳಿದ ಕೂಡಲೇ ನೀವು ಯಾರು ಅಂತ ಅವರಿಗೆ ಅಂದಾಜಾಗುತ್ತದೆ.

ಚಿನ್ನದಂಗಡಿಯಲ್ಲಿ ಬೇರೆ ರೀತಿ. ಅಲ್ಲಿ ಹೆಚ್ಚಾಗಿ ಕೊಳ್ಳುವುದಿಲ್ಲ, ವಿಚಾರಿಸುವುದು. ಹಾಲ್‌ಮಾರ್ಕಿನಲ್ಲಿ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, ಶುದ್ಧತೆ, ಒಂದೊಂದು ಒಡವೆಗೂ ಬೇರೆ ಬೇರೆಯಾದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಅಂದರೆ ಎಚ್‌ಯುಐಡಿ. ಸೇಲ್ಸ್‌ನವರು ಇದನ್ನು ತಾವಾಗಿ ವಿವರಿಸಿದರಾ? ಮೇಕಿಂಗ್ ಚಾರ್ಜ್ ಎಷ್ಟು ಅಂತ ಬಿಡಿಸಿ ಹೇಳಿದರಾ, 'ಎಲ್ಲ ಸೇರಿ ಇಷ್ಟು' ಅಂತ ತೇಲಿಸಿದರಾ? ಹೋಟೆಲಾದರೆ ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ಅಂತ ನೋಡುವುದು ಅಭ್ಯಾಸ ಮಾಡಿಕೊಳ್ಳಿ.

ಅಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ? ಪುಸ್ತಕ ಹಿಡಿದು ಬರೆಯಬಹುದಾ?

ಖಂಡಿತ ಬೇಡ. ಮೊಬೈಲ್ ಇದೆಯಲ್ಲ. ವಾಟ್ಸಾಪಿನಲ್ಲಿ ನಿಮಗೆ ನೀವೇ ಮೆಸೇಜ್ ಹಾಕಿಕೊಳ್ಳಿ. 'ಒಳಗೆ ಬಂದೆ', 'ಮಾತಾಡಿಸಿದರು', 'ಬಿಲ್ ಆಯ್ತು'. ಸಮಯ ತಾನಾಗಿಯೇ ದಾಖಲಾಗುತ್ತದೆ. ನೋಡಿದವರಿಗೆ ಮನೆಯವರ ಜೊತೆ ಚಾಟ್ ಮಾಡುತ್ತಿದ್ದೀರಿ ಅನಿಸುತ್ತದೆ. ಸಿಬ್ಬಂದಿಯ ಹೆಸರು ಬ್ಯಾಡ್ಜಿನಲ್ಲಿ ಇದ್ದರೆ ಒಮ್ಮೆ ನೋಡಿ ಸಾಕು, ದಿಟ್ಟಿಸಬೇಡಿ. ಹೊರಗೆ ಬಂದು, ಅಂಗಡಿಯಿಂದ ಸ್ವಲ್ಪ ದೂರ ಹೋಗಿ, ಉಳಿದದ್ದನ್ನು ಧ್ವನಿಯಲ್ಲಿ ಹೇಳಿಟ್ಟುಕೊಳ್ಳಿ. ರಾತ್ರಿ ಬರೆಯುತ್ತೇನೆ ಅಂದುಕೊಂಡರೆ ಅರ್ಧ ಮರೆತುಹೋಗಿರುತ್ತದೆ.

ನಮ್ಮಲ್ಲಿ ಎಲ್ಲರೂ ಗುರುತಿನವರು. ಸಿಕ್ಕಿಬಿದ್ದರೆ?

ಕರಾವಳಿಯ ನಿಜವಾದ ಕಷ್ಟ ಇದೇ. ಬೆಂಗಳೂರಿನಲ್ಲಿ ಹತ್ತು ಸಲ ಒಂದೇ ಅಂಗಡಿಗೆ ಹೋದರೂ ಯಾರೂ ಕೇಳುವುದಿಲ್ಲ. ಇಲ್ಲಿ ಮೊದಲ ಸಲವೇ 'ನೀವು ಇಂಥವರ ಮಗಳಲ್ವಾ?' ಅನ್ನುತ್ತಾರೆ. ಕೌಂಟರಿನಲ್ಲಿ ನಿಂತವರು ಅಕ್ಕನ ಗಂಡನ ಊರಿನವರು, ಮ್ಯಾನೇಜರ್ ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರು. ಗುರುತಿನವರಿಗೆ ಕೊಡುವ ಉಪಚಾರವೇ ಬೇರೆ, ಹಾಗಾಗಿ ಆ ವರದಿಗೆ ಬೆಲೆ ಇಲ್ಲ.

ಇದಕ್ಕೆ ಉಪಾಯ ಇದೆ. ಸಂಬಂಧಿಕರೋ ಸ್ನೇಹಿತರೋ ಕೆಲಸ ಮಾಡುವ ಕಡೆಯ ಕೆಲಸ ಒಪ್ಪಬೇಡಿ. ಹಿಂದೆ ನೀವೇ ಕೆಲಸ ಮಾಡಿದ ಕಂಪನಿಯದ್ದನ್ನೂ ಒಪ್ಪಬೇಡಿ. ಉಡುಪಿಯವರು ಮಂಗಳೂರಿನದ್ದು, ಮಂಗಳೂರಿನವರು ಮಣಿಪಾಲದ್ದು ತೆಗೆದುಕೊಂಡರೆ ಅರ್ಧ ಸಮಸ್ಯೆ ತೀರಿತು. ಹೋದ ಮೇಲೆ ಗುರುತಿನವರು ಕಂಡರೆ ಸುಮ್ನೆ ಎರಡು ಮಾತಾಡಿ ಹೊರಗೆ ಬನ್ನಿ. ಏಜೆನ್ಸಿಗೆ ನಿಜ ಹೇಳಿ, ಬೇರೆ ದಿನವನ್ನೋ ಬೇರೆ ಮಳಿಗೆಯನ್ನೋ ಕೇಳಿ. ಮುಚ್ಚಿಟ್ಟು ವರದಿ ಬರೆಯುವುದು ಸರಿಯಲ್ಲ.

'ನೀವು ಕಂಪನಿಯಿಂದ ಚೆಕ್ ಮಾಡಲಿಕ್ಕೆ ಬಂದವರಾ?' ಅಂತ ಯಾರಾದರೂ ನೇರವಾಗಿ ಕೇಳಿದರೆ ಗಾಬರಿಯಾಗಬೇಡಿ. 'ಇಲ್ಲಪ್ಪ, ನೋಡ್ಲಿಕ್ಕೆ ಬಂದೆ' ಅಂದರೆ ಸಾಕು. ಆದರೆ ಅವರಿಗೆ ಅನುಮಾನ ಬಂದಿತ್ತು ಅನ್ನುವುದನ್ನು ವರದಿಯಲ್ಲಿ ಬರೆಯಲೇಬೇಕು.

ಇನ್ನೊಂದು. ಕೆಲಸ ಮುಗಿದ ಮೇಲೂ ಬಾಯಿ ಬಿಡಬಾರದು. ಮದುವೆ ಊಟದ ಪಂಕ್ತಿಯಲ್ಲಿ ಕೂತು 'ಆ ಅಂಗಡಿಗೆ ನಾನು ಚೆಕಿಂಗಿಗೆ ಹೋಗಿದ್ದೆ' ಅಂತ ಹೇಳಿದರೆ ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಗೌಪ್ಯತೆಯ ಒಪ್ಪಂದಕ್ಕೆ ನೀವು ಒಪ್ಪಿರುತ್ತೀರಿ. ಇಂಥ ಕೆಲಸ ಮಾಡುತ್ತೇನೆ ಅಂತ ಹೇಳಬಹುದು. ಯಾವ ಅಂಗಡಿ ಅಂತ ಹೇಳಬಾರದು.

ವರದಿ ಇಂಗ್ಲಿಷಿನಲ್ಲೇ ಬರೆಯಬೇಕಾ?

ಹೆಚ್ಚಿನ ಏಜೆನ್ಸಿಗಳಿಗೆ ಇಂಗ್ಲಿಷೇ ಬೇಕು. ದೊಡ್ಡ ಇಂಗ್ಲಿಷ್ ಬೇಡ, ಸಣ್ಣ ಸಣ್ಣ ಸರಿಯಾದ ವಾಕ್ಯ ಬಂದರೆ ಸಾಕು. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದರೂ ನಡೆಯುತ್ತದೆ.

ನಮ್ಮ ಕಡೆ ಅಂಗಡಿಯ ಮಾತು ತುಳುವಿನಲ್ಲಿ ಶುರುವಾಗುತ್ತದೆ. ಕೊಂಕಣಿ, ಬ್ಯಾರಿ ಕೂಡ ಕೇಳುತ್ತದೆ. ಫಾರ್ಮಿನಲ್ಲಿ 'ಸಿಬ್ಬಂದಿ ಸ್ವಾಗತದ ಮಾತು ಹೇಳಿದರಾ' ಅಂತ ಇರುತ್ತದೆ. ಕಂಪನಿಯ ಮನಸ್ಸಿನಲ್ಲಿ ಇರುವುದು 'ವೆಲ್‌ಕಮ್'. ಇಲ್ಲಿನ ಹುಡುಗಿ ನಗುತ್ತಾ 'ಬಲೆ ಅಕ್ಕ, ದಾದ ಬೋಡು?' (ಬನ್ನಿ ಅಕ್ಕ, ಏನು ಬೇಕು?) ಅಂದಳು. ಇದಕ್ಕೆ ಹೌದಾ, ಇಲ್ಲವಾ? ಕಂಪನಿ ಹೇಳಿದ ಮಾತನ್ನೇ ಹೇಳಬೇಕು ಅಂತ ಗೈಡ್‌ಲೈನಿನಲ್ಲಿ ಇದ್ದರೆ ಇಲ್ಲ ಅಂತ ಹಾಕಬೇಕಾಗುತ್ತದೆ. ಆದರೆ ಕೆಳಗಿನ ಖಾಲಿ ಜಾಗದಲ್ಲಿ ವಿವರ ಬರೆಯಿರಿ: ಸ್ಥಳೀಯ ಭಾಷೆಯಲ್ಲಿ, ನಗುಮುಖದಿಂದ, ಒಳಗೆ ಬಂದ ಕೂಡಲೇ ಕರೆದರು ಅಂತ. ಮುಂಬೈಯಲ್ಲೋ ದೆಹಲಿಯಲ್ಲೋ ಕೂತವರಿಗೆ ನಮ್ಮ ಊರಿನ ಮರ್ಯಾದೆ ಹೇಗಿರುತ್ತದೆ ಅಂತ ಗೊತ್ತಾಗುವುದು ಆ ಎರಡು ಸಾಲಿನಿಂದ.

ವರದಿ ವಾಪಸ್ ಬರುವುದು ಯಾಕೆ?

ಬಿಲ್ಲಿನ ಫೋಟೋ ಮಸುಕಾಗಿದೆ, ಹೇಳಿದ ಸಮಯಕ್ಕಿಂತ ತಡವಾಗಿ ಹೋಗಿದ್ದಾರೆ, ಮೇಲೆ ಇಲ್ಲ ಅಂತ ಹಾಕಿ ಕೆಳಗೆ ಹೌದು ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಹೆಚ್ಚಾಗಿ ಇಷ್ಟೇ. ಮಳೆಗಾಲದಲ್ಲಿ ಇನ್ನೊಂದು ತೊಂದರೆ, ಒದ್ದೆ ಕೈಯಲ್ಲಿ ಹಿಡಿದ ಬಿಲ್ ಅಳಿಸಿಹೋಗುತ್ತದೆ. ಅಂಗಡಿಯ ಒಳಗೇ ಬಿಲ್ಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳಿ.

ಅಭಿಪ್ರಾಯ ಬರೆಯುವುದು ದೊಡ್ಡ ತಪ್ಪು. 'ಸೇವೆ ಚೆನ್ನಾಗಿರಲಿಲ್ಲ' ಅಂತ ಬರೆದರೆ ಯಾರಿಗೂ ಪ್ರಯೋಜನ ಇಲ್ಲ. '5.42ಕ್ಕೆ ಕೌಂಟರಿನ ಮುಂದೆ ನಿಂತೆ. ಒಳಗೆ ಇಬ್ಬರು ಇದ್ದರು. ಒಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು, ಇನ್ನೊಬ್ಬರು ಬಟ್ಟೆ ಮಡಚುತ್ತಿದ್ದರು. 5.46ಕ್ಕೆ ಎರಡನೆಯವರು ಏನು ಬೇಕು ಅಂತ ಕೇಳಿದರು' ಅಂತ ಬರೆಯಿರಿ. ತೀರ್ಮಾನ ಓದುವವರು ಮಾಡಿಕೊಳ್ಳುತ್ತಾರೆ.

ಗುಟ್ಟಾಗಿ ರೆಕಾರ್ಡ್ ಮಾಡಬಹುದಾ?

ಏಜೆನ್ಸಿ ಬರವಣಿಗೆಯಲ್ಲಿ ಹೇಳಿದ್ದರೆ ಮಾತ್ರ, ಅವರು ಹೇಳಿದಷ್ಟು ಮಾತ್ರ. ಆ ರೆಕಾರ್ಡಿಂಗ್ ಅವರಿಗೆ ಕಳಿಸಿದ ಮೇಲೆ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ರೀಲ್ಸಿಗೆ ಹಾಕುವ ಯೋಚನೆ ಬಂದರೆ ಈ ಕೆಲಸಕ್ಕೆ ಬರಬೇಡಿ.

ನನ್ನ ವರದಿಯಿಂದ ಯಾರದಾದರೂ ಕೆಲಸ ಹೋದರೆ?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಗೌರವ. ಕೌಂಟರಿನ ಆಚೆ ನಿಂತವರು ಬೆಳಿಗ್ಗೆಯಿಂದ ಕೂತಿರುವುದಿಲ್ಲ. ಪುತ್ತೂರಿನಿಂದಲೋ ಕಾರ್ಕಳದಿಂದಲೋ ದಿನಾ ಬಸ್ಸಿನಲ್ಲಿ ಬಂದು ಹೋಗುವವರು ಇದ್ದಾರೆ. ನಮ್ಮ ಒಂದು ಸಾಲು ಅವರ ಇನ್ಸೆಂಟಿವ್ ಕಡಿಮೆ ಮಾಡಬಹುದು.

ಹಾಗಂತ ಸುಳ್ಳು ಬರೆಯುವ ಹಾಗಿಲ್ಲ. ಆದರೆ ಪೂರ್ತಿ ನಿಜ ಬರೆಯಿರಿ. ಶನಿವಾರ ಸಂಜೆ ಜನ ತುಂಬಿದ್ದರು, ಕೌಂಟರಿನಲ್ಲಿ ಒಬ್ಬರೇ ಇದ್ದರು ಅನ್ನುವುದೂ ನಿಜವೇ. ಅದನ್ನು ಬಿಟ್ಟು 'ಎಂಟು ನಿಮಿಷ ಕಾಯಿಸಿದರು' ಅಂತ ಮಾತ್ರ ಬರೆದರೆ ಅನ್ಯಾಯ. ಒಳ್ಳೆಯದು ಕಂಡರೆ ಅದನ್ನೂ ಹೆಸರು ಹಾಕಿ ಬರೆಯಿರಿ. ವಯಸ್ಸಾದವರಿಗೆ ಕುರ್ಚಿ ಕೊಟ್ಟ ಹುಡುಗನ ಹೆಸರು ಮೇಲಿನವರಿಗೆ ಗೊತ್ತಾಗುವುದು ನಿಮ್ಮಿಂದಲೇ. ಇನ್ನು, ತಪ್ಪು ಮಾಡಿಸಬೇಕು ಅಂತ ಬೇಕೆಂದೇ ಕೆಣಕುವುದು, ಜಗಳ ತೆಗೆಯುವುದು ನಮ್ಮ ಕೆಲಸ ಅಲ್ಲವೇ ಅಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೋಟೆಲಿಗೆ, ಬಟ್ಟೆ ಅಂಗಡಿಗೆ ಕೆಲವೊಮ್ಮೆ ಕುಟುಂಬ ಸಮೇತ ಬನ್ನಿ ಅಂತಲೇ ಹೇಳಿರುತ್ತಾರೆ. ಹೇಳಿಲ್ಲ ಅಂದರೆ ಕೇಳಿಕೊಳ್ಳಿ. ಮಾತಾಡುವ ವಯಸ್ಸಿನ ಮಗು 'ಅಮ್ಮ, ಫೋಟೋ ತೆಗೆದಾಯ್ತಾ?' ಅಂತ ಕೌಂಟರಿನ ಮುಂದೆ ಕೇಳುವ ಅಪಾಯ ಇದೆ.

ಟ್ಯಾಕ್ಸ್ ಕಟ್ಟಬೇಕಾ?

ಇದೂ ಆದಾಯವೇ. ರಿಟರ್ನ್ ಹಾಕುವಾಗ ತೋರಿಸಬೇಕು. ಏಜೆನ್ಸಿ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆ, ಕಡಿತ ಮಾಡಬಹುದು. ಪ್ಯಾನ್ ಕೊಡದಿದ್ದರೆ ಕಡಿತ 20 ಶೇಕಡಾ ಆಗುತ್ತದೆ, ಆಧಾರ್‌ಗೆ ಜೋಡಿಸದೆ ನಿಷ್ಕ್ರಿಯವಾದ ಪ್ಯಾನ್ ಇದ್ದರೂ ಜಾಸ್ತಿ ಕಡಿತ ಆಗುತ್ತದೆ. ಕಡಿತವಾದದ್ದು ಆದಾಯ ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಪ್ಯಾನಿನ ಮೇಲೆ ಕಾಣುತ್ತದೆ. ನಿಮಗೆ ತೆರಿಗೆ ಬಾರದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಒಂದು ಪುಸ್ತಕದಲ್ಲಿ ದಿನಾಂಕ, ಏಜೆನ್ಸಿ, ಶುಲ್ಕ, ಬಿಲ್ಲಿನ ಹಣ, ಬಂದ ಹಣ ಅಂತ ಬರೆದಿಡಿ. ಮಾರ್ಚಿನಲ್ಲಿ ತಲೆನೋವು ತಪ್ಪುತ್ತದೆ.

ಹೇಳಿದ ಸಮಯಕ್ಕೆ ಹಣ ಬರಲಿಲ್ಲ ಅಂದರೆ?

ಮೊದಲು ಇಮೇಲ್. ಕೆಲಸದ ನಂಬರ್, ಭೇಟಿಯ ದಿನ, ವರದಿ ಪಾಸಾದ ದಿನ ಮೂರನ್ನೂ ಬರೆದು ಕೇಳಿ. ಫೋನಿನಲ್ಲಿ ಮಾತಾಡಿದ್ದಕ್ಕೆ ದಾಖಲೆ ಇರುವುದಿಲ್ಲ. ಹಳೆಯ ಹಣ ಬಾಕಿ ಇರುವಾಗ ಅದೇ ಏಜೆನ್ಸಿಯ ಹೊಸ ಕೆಲಸ ಒಪ್ಪಬೇಡಿ. ಹೊಸ ಏಜೆನ್ಸಿಯಾದರೆ ಮೊದಲ ಕೆಲಸ ಕಡಿಮೆ ಖರ್ಚಿನದ್ದೇ ಇರಲಿ. ಹಣ ಬಂದ ಮೇಲೆ ದೊಡ್ಡದು ನೋಡಿದರಾಯಿತು.

ಸರ್ಕಾರಿ ನೌಕರಿಯಲ್ಲಿರುವವರು ಮಾಡಬಹುದಾ?

ಸರ್ಕಾರಿ ನೌಕರರು ಮೇಲಿನವರ ಪೂರ್ವಾನುಮತಿ ಇಲ್ಲದೆ ಬೇರೆ ಉದ್ಯೋಗ ಮಾಡುವ ಹಾಗಿಲ್ಲ. ಖಾಸಗಿ ಕಂಪನಿಯಲ್ಲಿರುವವರು ತಮ್ಮ ನೇಮಕಾತಿ ಪತ್ರ ಒಮ್ಮೆ ತೆಗೆದು ನೋಡಬೇಕು, ಬೇರೆ ಕೆಲಸ ಮಾಡಬಾರದು ಅಂತ ಕೆಲವು ಕಡೆ ಬರೆದಿರುತ್ತದೆ. ಆದರೆ ಮನೆಯಲ್ಲಿರುವ ಗೃಹಿಣಿಯರು, ನಿವೃತ್ತರು, 18 ತುಂಬಿದ ವಿದ್ಯಾರ್ಥಿಗಳಿಗೆ ಈ ತೊಡಕು ಇಲ್ಲ. ನಿವೃತ್ತರನ್ನು ಬ್ಯಾಂಕಿನ ಕೆಲಸಗಳಿಗೆ ಕೇಳುವುದೂ ಉಂಟು, ಹೆಸರು ಹಾಕುವಾಗ ವಯಸ್ಸು ಸರಿಯಾಗಿ ತುಂಬಿ.